ಮೇಜಿನ ಮೇಲೆ ಎರಡು ಸಲ

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯದಲ್ಲಿ ಕುರ್ಚಿ ಸಿಗುವುದೆಂದರೆ ಈ ಪುಣೆಯಲ್ಲಿ ಬಾಡಿಗೆ ಮನೆ ಸಿಕ್ಕಂತೆ. ಬಾಗಿಲು ತೆರೆಯುವ ಮೊದಲೇ ಸ್ಪರ್ಧಾ ಪರೀಕ್ಷೆಯವರ ಸಾಲು ನಿಂತಿರುತ್ತದೆ. ನೀರಿನ ಬಾಟಲಿಯನ್ನೋ ದುಪಟ್ಟಾವನ್ನೋ ಇಟ್ಟು ಹಿಡಿದ ಜಾಗ ಸಂಜೆಯವರೆಗೂ ಅವರದೇ. ಅಂಥಲ್ಲಿ ಕಿಟಕಿ ಪಕ್ಕದ ಒಂದು ಕುರ್ಚಿ ದಿನವೂ ಖಾಲಿ ಇದ್ದದ್ದು ನನ್ನಲ್ಲಿ ಅನುಮಾನ ಹುಟ್ಟಿಸಬೇಕಿತ್ತು. ಹುಟ್ಟಿಸಲಿಲ್ಲ. ಹೋಗಿ ಕುಳಿತೆ.

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಗೆಳತಿ ವಿಷಯ ಹೇಳಿದಳು. ಅಲ್ಲಿ ಕೂರುತ್ತಿದ್ದ ಹುಡುಗ ಮಳೆಗಾಲದಲ್ಲಿ ಡೆಂಗಿ ಬಂದು ಆಸ್ಪತ್ರೆಗೆ ಹೋದವನು ತಿರುಗಿ ಬರಲಿಲ್ಲವಂತೆ. ಅಂದಿನಿಂದ ಆ ಕುರ್ಚಿಯನ್ನು ಯಾರೂ ಮುಟ್ಟಿಲ್ಲವಂತೆ. ನಾನು ಚರ್ಚಾಸ್ಪರ್ಧೆಗಳಲ್ಲಿ ದೇವರನ್ನೇ ಸೋಲಿಸಿ ಟ್ರೋಫಿ ತಂದವಳು. ದೆವ್ವ ಯಾವ ಲೆಕ್ಕ? ಕುರ್ಚಿಗೆ ನೆನಪಿರುವುದಿಲ್ಲ, ಇದ್ದರೆ ಪುರಾವೆ ತಾ ಎಂದೆ.

ಪುರಾವೆ ತಾನೇ ಬರತೊಡಗಿತು.

ನನ್ನ ತಲೆಯ ಮೇಲಿನ ಫ್ಯಾನು ನಾನು ಹಾಕಿದಷ್ಟು ಸಲವೂ ನಿಂತುಹೋಗುತ್ತಿತ್ತು. ಸ್ವಿಚ್ಚಿನ ಹತ್ತಿರ ಹಾದುಹೋಗುವವರು, ಯಾರೋ ಒಬ್ಬರು, ಅತ್ತ ನೋಡದೆಯೇ ಒತ್ತಿ ಹೋಗುತ್ತಿದ್ದರು. ಎಡಗಡೆಯ ಲಾತೂರಿನ ಹುಡುಗ ಪುಸ್ತಕಗಳನ್ನೆಲ್ಲ ಆಚೆ ಬದಿಗೆ ಒಟ್ಟಿಕೊಂಡು, ನನ್ನ ಕಡೆಗೆ ಒಂದು ಗೇಣು ಮೇಜು ಖಾಲಿ ಬಿಟ್ಟು ಓದುತ್ತಿದ್ದ. ಅಲ್ಲಿ ಮಾತಾಡುವಂತಿಲ್ಲವಾದ್ದರಿಂದ ಚಹಾಕ್ಕೆ ಏಳುವವರು ಜೊತೆಗಾರರ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ಬಡಿಯುವುದು ವಾಡಿಕೆ. ನಾಲ್ಕಕ್ಕೆ ಅವನು ನನ್ನ ಮೇಜು ಬಡಿದ. ನಾನು ಎದ್ದೆ. ಅವನು ಬೆಚ್ಚಿಬಿದ್ದ. ಮತ್ತೆ ಕರೆದದ್ದು ಯಾರನ್ನು ಎಂದು ಕೇಳಿದರೆ, ‘ಸವಯ ಆಹೆ’ ಎಂದ ಮರಾಠಿಯಲ್ಲಿ. ಅಭ್ಯಾಸವಂತೆ.

ಅಭ್ಯಾಸ ಎಂದ ಮೇಲೆ ವಾದ ಮುಗಿಯಿತು, ನಾನು ಗೆದ್ದಂತೆಯೇ. ಆದರೆ ಉತ್ತರ ಸಿಕ್ಕೊಡನೆ ಹೋಗಬೇಕಾದ ಭಯ ಹೋಗಲಿಲ್ಲ. ಇಡೀ ಸಾಲು ಇಲ್ಲದವನೊಬ್ಬನ ಅಳತೆಗೆ ಸರಿದು ಕೂತಿತ್ತು. ಆ ಅಳತೆಯೊಳಗೆ ನಾನಿದ್ದೆ, ಮತ್ತು ಯಾರಿಗೂ ಕಾಣುತ್ತಿರಲಿಲ್ಲ. ದೆವ್ವ ಯಾರು ಎಂದು ನ್ಯಾಯವಾಗಿ ನೋಡಿದರೆ ನನ್ನ ಕಡೆಗೇ ಬೆರಳು ತೋರಿಸಬೇಕಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಬಾಗಿಲ ಕಾವಲಿನವರು ಕನ್ನಡ ಬರುವವರನ್ನು ಹುಡುಕುತ್ತ ಬಂದರು. ಜೊತೆಯಲ್ಲಿ ಇಳಕಲ್ ಸೀರೆಯ ಹೆಂಗಸು. ಬೈಲಹೊಂಗಲದ ಕಡೆಯವರು, ಆ ಹುಡುಗನ ತಾಯಿ. ಮಗ ಕೂತು ಓದುತ್ತಿದ್ದ ಜಾಗ ನೋಡಬೇಕೆಂದು ಬಂದಿದ್ದರು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. ಕೂತು, ನಿಂತಿದ್ದ ಫ್ಯಾನನ್ನು ನೋಡಿದರು. ಮಗನಿಗೆ ಗಾಳಿ ತಾಗಿದರೆ ಶೀನು ಹತ್ತುತ್ತಿತ್ತು ಎಂದರು. ಆಮೇಲೆ ದನಿ ತಗ್ಗಿಸಿದರು.

‘ಫೋನ್ ಮಾಡಿದ್ರ ಬರೇ ಓದೂದ ಹೇಳ್ತಿದ್ದ. ಇಷ್ಟ್ ದೊಡ್ಡ ಊರಾಗ ಅವನ ಜೋಡಿ ಯಾರರೆ ಇದ್ರೇನ ಯವ್ವಾ? ಇಲ್ಲಾ ಒಬ್ಬನ ಇದ್ನೋ?’

‘ಅವರು ಒಬ್ಬರ ಇರಲಿಲ್ರಿ ಕಾಕೂ.’

‘ನೀ ಅವನ್ನ ನೋಡೀಯೇನು?’

‘ಇಲ್ರಿ.’

‘ಮತ್ತ ಹೆಂಗ ಗೊತ್ತು?’

ಎದುರಾಳಿ ತಂಡ ಕೇಳಬೇಕಾದ ಪ್ರಶ್ನೆ. ನನ್ನ ಹತ್ತಿರ ಕಂಡವರ ಸಾಕ್ಷಿ ಇರಲಿಲ್ಲ. ಎಡಗಡೆಯ ಆ ಖಾಲಿ ಗೇಣು ಇತ್ತು. ಅದನ್ನು ತೋರಿಸಿ, ಮಗ ಎಡಚನೇ ಎಂದು ಕೇಳಿದೆ. ಅವರು ಹೂಂ ಎಂದರು. ಪಕ್ಕದವನು ಅವನ ಮೊಣಕೈಗೆಂದು ಬಿಟ್ಟ ಜಾಗ, ಇನ್ನೂ ಬಿಡುತ್ತಾನೆ ಎಂದೆ. ಫ್ಯಾನಿನ ವಿಷಯವನ್ನೂ ಹೇಳಿದೆ. ಅವರು ಆ ಗೇಣು ಜಾಗದಲ್ಲಿ ಅಂಗೈ ಊರಿ, ಬಿಸಿ ಇದೆಯೋ ಎಂದು ನೋಡುವವರ ಹಾಗೆ, ಸುಮಾರು ಹೊತ್ತು ಕೂತರು.

ನಾಲ್ಕಾಯಿತು. ಲಾತೂರಿನವನು ಎಂದಿನಂತೆ ತಲೆ ಎತ್ತದೆ ಎದ್ದ. ಅವನ ಕೈ ಮೇಜಿನತ್ತ ಬಂತು, ಆ ಅಂಗೈಯನ್ನು ಕಂಡು ನಡುವೆಯೇ ನಿಂತಿತು. ಆಮೇಲೆ ಮೆಲ್ಲಗೆ, ಎರಡು ಸಲ, ಬಡಿದ.

‘ಇದೇನಿದು?’ ಎಂದರು ಆಕೆ.

‘ಚಾಕ್ಕ ಕರೀಲಿಕ್ಕತ್ತಾರ್ರಿ.’

‘ಯಾರ್ನ?’

ನನ್ನನ್ನು ಎಂದರೆ ಸುಳ್ಳಾಗುತ್ತಿತ್ತು. ಆ ತಾಯಿಯನ್ನೇ ಎಂದರೂ ಪೂರ್ತಿ ನಿಜವಲ್ಲ.

‘ನಿಮ್ಮ ಮಗನ್ನರಿ,’ ಎಂದೆ.

ಅವರು ಸೆರಗು ಸರಿಮಾಡಿಕೊಂಡು ಎದ್ದರು. ‘ಹಂಗಾರ ನಡೀರಿ, ಹೋಗೂಣು,’ ಎಂದು ಲಾತೂರಿನವನ ಹಿಂದೆ ಚಹಾದ ಕಟ್ಟೆಯ ಕಡೆ ಹೊರಟರು.