ತಂಬಾಕು ಬಿಟ್ಟವರ ಅಮಾನತ್ತು

ಹಲ್ಲಿನ ಡಾಕ್ಟರು ನನ್ನ ಬಾಯಿಯನ್ನು ಅಳೆದದ್ದು ನನ್ನದೇ ಬೆರಳುಗಳಿಂದ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸು ಎಂದರು. ಎರಡು ಸಲೀಸಾಗಿ ಹೋದವು. ಮೂರನೆಯದು ಉಗುರಿನ ಅರ್ಧಕ್ಕೆ ಸಿಕ್ಕಿಕೊಂಡಿತು. ಅವರು ಚೀಟಿಯಲ್ಲಿ ‘ಎರಡೂವರೆ’ ಎಂದು ಬರೆದರು. ಕೆನ್ನೆಯ ಒಳಭಾಗ ಬೆಳ್ಳಗಾಗಿ ಬಿಗಿದುಕೊಳ್ಳುತ್ತಿದೆಯಂತೆ. ಈಗ ತಂಬಾಕು ಬಿಟ್ಟರೆ ಇಲ್ಲಿಗೇ ನಿಂತೀತು. ಬಿಡದಿದ್ದರೆ ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿದು, ರೊಟ್ಟಿಯನ್ನು ಅರೆದು ಕುಡಿಯುವ ದಿನ ಬರುತ್ತದೆ. ಅದಕ್ಕಿಂತ ಮುಂದಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನನಗೆ ಆಗ ಇಪ್ಪತ್ತಾರು ವರ್ಷ.

"ದಿನಕ್ಕ ಎಷ್ಟ್ ಸಲ ಹಾಕೋತಿ?" ಎಂದು ಕೇಳಿದರು.

ನಾನು ಡೈರಿ ತೆಗೆದು ತೋರಿಸಿದೆ. ಕಳೆದ ತಿಂಗಳು ದಿನಕ್ಕೆ ಸರಾಸರಿ ಹದಿನಾಲ್ಕು, ಭಾನುವಾರಗಳಂದು ಹತ್ತೊಂಬತ್ತು. ಪ್ರತಿ ಚಿಟಿಕೆಗೂ ಒಂದು ಗೀಟು, ಐದನೆಯದಕ್ಕೆ ಅಡ್ಡಗೀಟು. ಡಾಕ್ಟರು ನಾಲ್ಕು ಪುಟ ತಿರುವಿ, "ಇಷ್ಟು ನೀಟಾಗಿ ಹಾಳಾದವರನ್ನ ನಾ ನೋಡಿಲ್ಲ" ಎಂದರು.

ನನ್ನ ಕೆಲಸವೇ ಅಂಥದು. ಕಲಬುರಗಿ ಪಕ್ಕದ ನಂದೂರಿನ ಒಂದು ಬೇಳೆ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದ ಕೋಣೆಯಲ್ಲಿ ಕೂರುತ್ತೇನೆ. ತೊಗರಿ ತುಂಬಿದ ಲಾರಿ ಬಂದಾಗ ಒಂದು ತೂಕ, ಖಾಲಿಯಾಗಿ ಹೋಗುವಾಗ ಇನ್ನೊಂದು, ನಡುವೆ ಒಂದು ಚೀಟಿ. ಬರೆಯದೇ ಬಿಟ್ಟದ್ದು ನಡೆದೇ ಇಲ್ಲ ಎಂಬ ಭಾವನೆ ನನಗೆ ಅಲ್ಲಿಂದಲೇ ಬಂದಿರಬೇಕು.

ಆಸ್ಪತ್ರೆಯ ಸಿಸ್ಟರು ಹೊರಗಿನ ಬೆಂಚಿನ ಮೇಲಿದ್ದ ನಾಲ್ವರನ್ನು ಒಟ್ಟಿಗೆ ಕೂರಿಸಿ, "ಒಬ್ಬರ ಕೈಲೆ ಆಗಂಗಿಲ್ಲ, ನಾಕು ಮಂದಿ ಕೂಡಿ ಬಿಡ್ರಿ" ಎಂದರು. ಹೀಗೆ ನಮ್ಮ ಗುಂಪು ಹುಟ್ಟಿತು. ನಾನು ಒಬ್ಬ. ಸ್ಟೇಶನ್ ಬಜಾರದಲ್ಲಿ ಆಟೋ ಹೊಡೆಯುವ, ಅರವತ್ತು ಸಮೀಪಿಸಿದ ಚಾಚಾ ಒಬ್ಬರು. ಶರಣಸಿರಸಗಿಯಿಂದ ಬಂದು ನಗರದಲ್ಲಿ ತರಕಾರಿ ಮಾರುವ ಅಕ್ಕ ಒಬ್ಬಳು. ಹುರಿದ ತಂಬಾಕಿನ ಕರಿ ಪುಡಿಯಿಂದ ದಿನಕ್ಕೆ ಆರು ಸಲ ಹಲ್ಲು ತಿಕ್ಕುತ್ತಿದ್ದಳು, ಅದನ್ನು ಮಿಶ್ರಿ ಎನ್ನುತ್ತಿದ್ದಳು, ನಶೆ ಎಂದರೆ ಸಿಟ್ಟಾಗುತ್ತಿದ್ದಳು. ನಾಲ್ಕನೆಯವರು ಕಮಲಾಪುರದ ಶಾಲೆಯಲ್ಲಿ ಗಣಿತ ಕಲಿಸುವ ಮಾಸ್ತರರು. ಅವರು ಬೆಂಚಿನಿಂದ ಏಳುವ ಮೊದಲೇ ಅಧ್ಯಕ್ಷರಾಗಿಬಿಟ್ಟಿದ್ದರು.

ನಿಯಮಗಳನ್ನು ಅವರು ಹೇಳಿದರು, ನಾನು ಬರೆದುಕೊಂಡೆ. ಪ್ರತಿ ಭಾನುವಾರ ಸ್ಟೇಶನ್ ಬಜಾರದ ಚಹಾದ ಹೋಟೆಲಿನಲ್ಲಿ ಸಭೆ. ತಲಬು ಎದ್ದಾಗ, ಅಂದರೆ ಬಾಯಿ ತಂಬಾಕಿಗಾಗಿ ಪರದಾಡಿದಾಗ, ಯಾರಿಗಾದರೂ ಫೋನು ಮಾಡುವುದು. ಮೂರನೆಯ ನಿಯಮಕ್ಕೆ ಬರುವಾಗ ತೊಡಕಾಯಿತು. ಇದ್ದಬದ್ದ ತಂಬಾಕನ್ನು ಅಲ್ಲೇ ಗಟಾರಕ್ಕೆ ಹಾಕಬೇಕೆಂದು ಸಿಸ್ಟರು ಹೇಳಿದ್ದರು.

"ಫೇಂಕ್ ದೇನಾ, ಚೆಲ್ಲಿಬಿಡೋದಾ?" ಎಂದು ಚಾಚಾ ಜೇಬು ಒತ್ತಿ ಹಿಡಿದರು. "ಹೊಸಾ ಪಾಕೀಟು ಸರ, ಮುಂಜಾನಿನೇ ತಗೊಂಡೀನಿ."

ಮಾಸ್ತರರು ಯೋಚಿಸಿ ದಾರಿ ಹುಡುಕಿದರು. "ಚೆಲ್ಲೋದು ಬ್ಯಾಡ. ನನ್ನ ಬಲ್ಲಿ ಅಮಾನತ್ತು ಇಡ್ರಿ, ಠೇವಣಿ ಇಟ್ಟಂಗ. ನೀವು ಕಲಬುರಗ್ಯಾಗ, ಮಾಲು ಕಮಲಾಪುರದಾಗ. ಕೈಗೆ ಸಿಗಂಗಿಲ್ಲ ಅಂದ್ರ ಮನಸಿಗೂ ಸಿಗಂಗಿಲ್ಲ."

ನಮಗೆ ಇದು ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಎದುರು ಹೇಳಿದವಳು ಅಕ್ಕ ಮಾತ್ರ: "ಬೆಕ್ಕಿನ ಮನ್ಯಾಗ ಹಾಲು ಇಟ್ಟಂಗ ಆಯ್ತಲ್ರಿ ಸರ!" ಮಾಸ್ತರರು ನಕ್ಕರು, ನಾವೂ ನಕ್ಕೆವು. ನಾನು ಪಟ್ಟಿ ಮಾಡಿದೆ: ನನ್ನವು ಏಳು ಪಾಕೀಟು, ಚಾಚಾರವು ನಾಲ್ಕು, ಅಕ್ಕನದು ಮಿಶ್ರಿಯ ಒಂದು ಡಬ್ಬಿ, ಮಾಸ್ತರರವೇ ಹನ್ನೊಂದು ಪಾಕೀಟು. ಒಟ್ಟು ಇಪ್ಪತ್ಮೂರು.

ಬಿಡುವುದು ನಾವು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಅದಕ್ಕಿಂತ ಹೆಚ್ಚು ಕಷ್ಟವಾಯಿತು. ಮೊದಲ ವಾರ ನಾನು ಫೋನು ಮಾಡಿದ್ದು ನಲವತ್ತೊಂದು ಸಲ. ಚಾಚಾ ಆಟೋ ಓಡಿಸುತ್ತಲೇ ಎತ್ತುತ್ತಿದ್ದರು. "ಹಾಂ ಬೇಟಾ, ಬಡೇಸೋಪು ಬಾಯಾಗ ಹಾಕ್ಕೋ. ಸವಾರಿ ಬಿಡಲಾಕತ್ತೀನಿ, ಆಮ್ಯಾಲ ಮಾತಾಡೋಣು." ಅಕ್ಕ ಎತ್ತಿದರೆ ತಲಬಿನ ಜೊತೆ ಮರ್ಯಾದೆಯೂ ಹೋಗುತ್ತಿತ್ತು. "ತಮ್ಮಾ, ಒಂದ್ ಚಿಟಿಕಿ ಎಲಿಪುಡಿಗೆ ಇಷ್ಟ್ ಅಳ್ತಿ. ನಾ ಮೂರು ಹಡದೀನಿ, ಇಷ್ಟ್ ಅತ್ತಿಲ್ಲ." ಮಾಸ್ತರರು ಮಾತ್ರ ಫೋನಿನಲ್ಲಿ ಸಿಗುತ್ತಿರಲಿಲ್ಲ. ಅವರಿಂದ ಬೆಳಿಗ್ಗೆ ಆರಕ್ಕೆ ಮೊಬೈಲಿನ ನಮ್ಮ ಗುಂಪಿಗೆ ಗುಲಾಬಿ ಹೂವಿನ ಚಿತ್ರ ಬರುತ್ತಿತ್ತು, ಕೆಳಗೆ ‘ಇಂದು ನನ್ನ ಹನ್ನೆರಡನೇ ಶುಭ್ರ ಮುಂಜಾನೆ’ ಎಂದು. ಮರುದಿನ ಹದಿಮೂರನೆಯದು. ಅವರ ಎಣಿಕೆ ಒಂದು ದಿನವೂ ತಪ್ಪಲಿಲ್ಲ, ಗಣಿತದ ಮಾಸ್ತರರಲ್ಲವೆ.

ನನಗೆ ನಿಜವಾದ ಸಂಕಟ ಕಾಟಾದ ಗೇಟಿನಲ್ಲಿತ್ತು. ಲಾರಿ ಡ್ರೈವರು ಇಳಿದು ಬಂದು, ಎಡ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿ, ಎರಡು ಸಲ ಚಪ್ಪಾಳೆಯಂತೆ ತಟ್ಟಿ ಧೂಳು ಹಾರಿಸಿ, ಅಂಗೈಯನ್ನು ಮುಂದೆ ಚಾಚುತ್ತಾನೆ. ನೀವು ಒಂದು ಚಿಟಿಕೆ ಎತ್ತಿಕೊಳ್ಳಬೇಕು. ಬೇಡ ಎನ್ನುವ ಪದ್ಧತಿಯೇ ಇಲ್ಲ. ನಮ್ಮ ಊರಲ್ಲಿ ನೀರು ಕೊಡುವಾಗ ಯಾರ ಲೋಟ ಎಂದು ನೋಡುವವರು ಇನ್ನೂ ಇದ್ದಾರೆ, ಮನೆ ಬಾಡಿಗೆಗೆ ಕೊಡುವಾಗ ಅಡ್ಡಹೆಸರು ಕೇಳುವವರು ಬೇಕಾದಷ್ಟು ಇದ್ದಾರೆ. ತಂಬಾಕು ಹಿಡಿದ ಕೈಗೆ ಮಾತ್ರ ಯಾರೂ ಜಾತಿ ಕೇಳುವುದಿಲ್ಲ. ಸಮಾನತೆ ಇಲ್ಲಿ ಒಂದು ಚಿಟಿಕೆಯಷ್ಟಾದರೂ ಉಳಿದಿದೆ, ಅದೂ ಬಾಯಿ ಕೊಳೆಸುವ ವಸ್ತುವಿನಲ್ಲಿ. ಹಾಗಾಗಿ ಬೇಡ ಎಂದರೆ, ನಿಮ್ಮ ಕೈಯದು ನಮಗೆ ನಡೆಯುವುದಿಲ್ಲ ಎಂದಂತಾಗುತ್ತದೆ.

ನಾನು ಇದನ್ನು ಸಭೆಯಲ್ಲಿ ಮಂಡಿಸಿದೆ. ಚಾಚಾರಿಗೂ ಆಟೋ ಸ್ಟ್ಯಾಂಡಿನಲ್ಲಿ ಅದೇ ಪಾಡು. ಮಾಸ್ತರರು ಅದಕ್ಕೂ ಉಪಾಯ ಕೊಟ್ಟರು: ಕೊಟ್ಟದ್ದನ್ನು ಇಸಕೊಳ್ಳಿ, ಬಾಯಿಗೆ ಹಾಕಬೇಡಿ, ಪೊಟ್ಟಣ ಕಟ್ಟಿ ಅಮಾನತ್ತಿಗೆ ತನ್ನಿ. ಅಂದಿನಿಂದ ಡ್ರೈವರು ಚಾಚಿದ ಚಿಟಿಕೆಯನ್ನು ಎತ್ತಿಕೊಂಡು, ಅವನು ಆಚೆ ತಿರುಗಿದೊಡನೆ ಹಾಳಾದ ತೂಕದ ಚೀಟಿಯಲ್ಲಿ ಸುತ್ತಿ ಜೇಬಿಗಿಡತೊಡಗಿದೆ. ಡೈರಿಯಲ್ಲಿ ಎರಡು ಹೊಸ ಕಾಲಮ್ಮು ಬಂದವು: ‘ಇಸಕೊಂಡದ್ದು’, ‘ಅಮಾನತ್ತು’. ಭಾನುವಾರ ಸಂಜೆ ಮಾಸ್ತರರು ನಮ್ಮ ಪೊಟ್ಟಣಗಳನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ತಂಬಾಕು ಬಿಟ್ಟ ನಾಲ್ವರ ಬಳಿ, ತಿನ್ನುವ ಕಾಲದಲ್ಲಿ ಎಂದೂ ಇರದಷ್ಟು ದಾಸ್ತಾನು ಸೇರಿತು.

ಏಳನೆಯ ಭಾನುವಾರ ಅದನ್ನೆಲ್ಲ ನಾಶ ಮಾಡುವುದೆಂದು ಠರಾವಾಯಿತು. ಮಾಸ್ತರರ ಅಣ್ಣನಿಗೆ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟವಿದೆ. ತಂಬಾಕು ಕುದಿಸಿದ ನೀರು ಗಿಡದ ಹೇನಿಗೆ ಒಳ್ಳೆಯ ಔಷಧ ಎಂದು ಚಾಚಾ ಹೇಳಿದ್ದರು. ನಾವು ಮೂವರು ಬಸ್ಸಿನಲ್ಲಿ ಹೋದೆವು. ನನ್ನ ಚೀಲದಲ್ಲಿ ಪಟ್ಟಿಯಿತ್ತು: ಮೊದಲಿನ ಇಪ್ಪತ್ಮೂರು, ನಾನು ಕೊಟ್ಟ ಮೂವತ್ತೊಂದು ಪೊಟ್ಟಣ, ಚಾಚಾರ ಹನ್ನೆರಡು. ಒಟ್ಟು ಅರವತ್ತಾರು.

ಮಾಸ್ತರರು ಅಂಗಳದಲ್ಲಿ ಕುರ್ಚಿ ಹಾಕಿಸಿ, ಕೆಂಪು ಬಾಳೆಹಣ್ಣು ಕೊಟ್ಟು, ತಂಬಾಕಿನ ಕೆಡುಕಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಆಮೇಲೆ ತಗಡಿನ ಟ್ರಂಕು ಬಂತು. ನಾನು ಪಟ್ಟಿ ಹಿಡಿದು ಎಣಿಸಿದೆ. ಅಕ್ಕನ ಮಿಶ್ರಿ ಡಬ್ಬಿ ಇತ್ತು. ಚಾಚಾರ ಎರಡು ಪಾಕೀಟು ಇದ್ದವು. ಎಂಟು ಪೊಟ್ಟಣ ಇದ್ದವು. ಇನ್ನೊಮ್ಮೆ ಎಣಿಸಿದೆ. ಹನ್ನೊಂದೇ.

"ಸರ, ಐವತ್ತೈದು ಕಮ್ಮಿ ಅದಾವ."

"ಇಲಿ ಭಾಳ ಅದಾವ್ರಿ ನಮ್ಮ ಮನ್ಯಾಗ" ಎಂದರು ಮಾಸ್ತರರು.

ಅಕ್ಕ ಟ್ರಂಕಿನೊಳಗೆ ಕೈ ಹಾಕಿ ತಳದಿಂದ ಒಂದು ಕಟ್ಟು ತೆಗೆದಳು. ನನ್ನ ತೂಕದ ಚೀಟಿಗಳು, ಲಾರಿ ನಂಬರಿನ ಸಮೇತ. ಒಂದೊಂದನ್ನೂ ಬಿಡಿಸಿ, ಧೂಳು ಒರೆಸಿ, ನಾಲ್ಕು ಮಡಿಕೆ ಮಾಡಿ ದಾರ ಕಟ್ಟಿ ಇಡಲಾಗಿತ್ತು.

"ಭಾರಿ ಶಾಣ್ಯಾ ಇಲಿ ಬಿಡ್ರಿ ಸರ. ತಿಂದು, ಕಾಗದ ಮಡಚಿ, ದಾರ ಕಟ್ಟಿ ಇಟ್ಟಾವ. ನಿಮ್ಮ ಸಾಲ್ಯಾಗ ಕಲ್ತಾವೇನು?"

ಒಳಗಿನಿಂದ ಮಾಸ್ತರರ ಹೆಂಡತಿ ಬಾಗಿಲಿಗೆ ಬಂದು ನಿಂತರು. "ಆ ಇಲಿ ಹಿತ್ತಲಕ್ಕ ಹೋಗಿ ಉಗಳಿ ಬರ್ತದ್ರಿ ಅಕ್ಕಾ" ಎಂದಷ್ಟೇ ಹೇಳಿ ಒಳಗೆ ಹೋದರು.

ನಾನು ಗೆದ್ದವನಂತೆ ಪೆನ್ನಿನ ಕ್ಯಾಪು ತೆಗೆದೆ. ಗುಲಾಬಿಗಳ ಬಗ್ಗೆ ಏನೋ ಅಂದುಬಿಟ್ಟೆ. ಮಾಸ್ತರರ ಮುಖ ಕೆಂಪಾಯಿತು. ಅವರು ಕೈ ಚಾಚಿ, "ಆ ಡೈರಿ ಇಲ್ಲಿ ಕೊಡ್ರಿ" ಎಂದರು. ಪುಟಗಳ ಮೇಲೆ ಬೆರಳು ಓಡಿಸಿ, ಬಾಯಿಯಲ್ಲೇ ಕೂಡುತ್ತ ಹೋದರು. "ಇಸಕೊಂಡದ್ದು ಮೂವತ್ತೆಂಟು. ಅಮಾನತ್ತು ಮೂವತ್ತೊಂದು. ವಜಾಬಾಕಿ ಮಾಡ್ರಿ, ಕಳದು ಹೇಳ್ರಿ ನೋಡೋಣು."

ನಾನು ಪೆನ್ನಿಗೆ ಮತ್ತೆ ಕ್ಯಾಪು ಹಾಕಿದೆ.

"ಏಳು. ಈ ಏಳು ಎಲ್ಲಿ ಹ್ವಾದ್ವು? ನಿಮ್ಮ ಕಾಟಾದಾಗೂ ಇಲಿ ಅದಾವೇನು?"

ನಾನು ಒಂದು ಅಂಕಿಯನ್ನೂ ಸುಳ್ಳು ಬರೆದಿರಲಿಲ್ಲ. ಆ ಎರಡು ಕಾಲಮ್ಮುಗಳ ನಡುವೆ ಕಳೆಯುವ ಕೆಲಸವನ್ನಷ್ಟೇ ಬಿಟ್ಟಿದ್ದೆ. ದಿನವೂ ಲಾರಿಯ ಭಾರದಿಂದ ಖಾಲಿ ಲಾರಿ ಕಳೆಯುವವನಿಗೆ ಇದೊಂದು ನೆನಪಾಗಿರಲಿಲ್ಲ. ಆ ಏಳೂ ಜೇಬಿನಿಂದ ಬಾಯಿಗೆ ಹೋಗಿದ್ದವು. ಅಮಾನತ್ತಿನ ದಯೆಯಿಂದ ನನ್ನ ಜೇಬಿನಲ್ಲಿ ಯಾವಾಗಲೂ ಹದವಾಗಿ ತಿಕ್ಕಿದ ತಂಬಾಕು ಸಿದ್ಧವಿರುತ್ತಿತ್ತು. ತಿನ್ನುವ ಕಾಲದಲ್ಲಿ ನಾನೇ ತಿಕ್ಕಿಕೊಳ್ಳಬೇಕಿತ್ತು.

ಚಾಚಾ ಯಾರೂ ಕೇಳುವ ಮೊದಲೇ ಕಿವಿ ಹಿಡಿದುಕೊಂಡು, "ಮೇರಾ ಭೀ ಮೂರು ನಾಕು. ಲೆಕ್ಕ ಇಟ್ಟಿಲ್ಲ, ಮಾಫ್ ಮಾಡ್ರಿ" ಎಂದರು.

"ನಾ ಬಿಟ್ಟು ತಿಂಗಳ ಮ್ಯಾಲ ಆಯ್ತು" ಎಂದಳು ಅಕ್ಕ. "ಡಬ್ಬಿ ನೋಡ್ರಿ, ಮುಚ್ಚಳ ತೆಗ್ದಿಲ್ಲ. ನೀವು ಮೂರೂ ಗಣಮಕ್ಕಳು ಠರಾವು ಮಾಡ್ರಿ, ಚಹಾ ಕುಡೀರಿ, ಗುಲಾಬಿ ಕಳಸ್ರಿ. ತಮ್ಮಾ, ಬಾಯಿ ತೆಗಿ. ಬೆರಳು ಹಾಕು."

ಡೈರಿಯಲ್ಲಿ ನಲವತ್ತೊಂಬತ್ತು ದಿನವೂ ‘ಎರಡೂವರೆ’ ಎಂದಿತ್ತು. ಮೊದಲ ವಾರ ಅಳೆದು ಬರೆದಿದ್ದೆ. ಆಮೇಲೆ ಮೇಲಿನ ಸಾಲು ನೋಡಿ ಬರೆಯುತ್ತಿದ್ದೆ. ಅಂಗಳದ ಬೆಳಕಿನಲ್ಲಿ ಮೂವರ ಎದುರು ಬಾಯಿ ತೆರೆದೆ. ಎರಡು ಬೆರಳು ಹೋದವು. ಮೂರನೆಯದರ ತುದಿ ಹಲ್ಲಿಗೆ ತಾಗಿ ಅಲ್ಲೇ ನಿಂತಿತು. ಉಗುರು ಪೂರ್ತಿ ಹೊರಗಿತ್ತು. ಏಳೇ ಚಿಟಿಕೆಗಳಿಂದ ಆಯಿತೋ, ಬಿಗಿತ ತನ್ನ ಪಾಡಿಗೆ ತಾನು ಮುಂದುವರಿದಿತ್ತೋ ಗೊತ್ತಿಲ್ಲ. ಯಾರೂ ನಗಲಿಲ್ಲ, ಅಕ್ಕನೂ.

ಉಳಿದ ಹನ್ನೊಂದನ್ನೂ ಹಳೆಯ ಎಣ್ಣೆ ಡಬ್ಬದಲ್ಲಿ ಕುದಿಸಿದೆವು. ಬಂದ ಕಷಾಯ ಒಂದೂವರೆ ಬಾಳೆಗಿಡಕ್ಕೆ ಸಾಕಾಯಿತು. ಬಸ್ಸು ಹತ್ತುವ ಮೊದಲು ಅಕ್ಕ ಹೊಸ ನಿಯಮ ಹೇಳಿದಳು: ಅಧ್ಯಕ್ಷರು ಇಲ್ಲ, ಅಮಾನತ್ತು ಇಲ್ಲ, ಗುಲಾಬಿ ಇಲ್ಲ. ಯಾರ ಕೈಯಿಂದಲೂ ಇಸಕೊಳ್ಳುವಂತಿಲ್ಲ. ತಿಂದರೆ ಗುಂಪಿನಲ್ಲಿ ಅಂಕಿ ಹಾಕಬೇಕು, ಬೈಯುವುದು ತನ್ನ ಕೆಲಸ.

ಮರುದಿನವೇ ಬೀದರಿನ ಕಡೆಯ ಒಬ್ಬ ಡ್ರೈವರು ಅಂಗೈ ಚಾಚಿದ. ಬೇಡ ಎಂದೆ.

"ಯಾಕ್ರಿ ಸಾಹೇಬ್ರ, ನಮ್ಮ ಕೈದು ನಡಿಯಂಗಿಲ್ಲೇನು?"

ನಾನು ಬಾಯಿ ತೆರೆದು ಬೆರಳು ಇಟ್ಟು ತೋರಿಸಿದೆ. ಮೂರು ಹೋಗಬೇಕು, ಹೋಗುವುದಿಲ್ಲ ಎಂದೆ. ಅವನು ಅಂಗೈ ಹಾಗೇ ಹಿಡಿದುಕೊಂಡು ನೋಡಿದ. ಆಮೇಲೆ ಲಾರಿಯ ಕನ್ನಡಿಯ ಮುಂದೆ ನಿಂತು, ಇನ್ನೊಂದು ಕೈಯ ಬೆರಳುಗಳನ್ನು ತನ್ನ ಬಾಯಿಗೆ ಇಟ್ಟುಕೊಂಡ. ಎಷ್ಟು ಹೋದವೆಂದು ಹೇಳಲಿಲ್ಲ. ಚೀಟಿ ತೆಗೆದುಕೊಂಡು ಹೋದ. ಅಂಗೈಯಲ್ಲಿದ್ದುದನ್ನು ಚೆಲ್ಲಿದನೆಂದು ಬರೆದರೆ ಚೆನ್ನಾಗಿರುತ್ತಿತ್ತು. ಗೇಟು ದಾಟುವಾಗ ಬಾಯಿಗೆ ಹಾಕಿಕೊಂಡ.

ಆ ತಿಂಗಳ ನನ್ನ ಅಂಕಿ ಎರಡು. ಎರಡಕ್ಕೂ ಬೈಸಿಕೊಂಡೆ. ಮುಂದಿನ ತಿಂಗಳು ಸೊನ್ನೆ.

ಮತ್ತೆ ಡಾಕ್ಟರ ಬಳಿ ಹೋದದ್ದು ಒಂದು ಗುರುವಾರ. ಟೋಕನ್ನು ಹಿಡಿದು ಕೂತಿದ್ದಾಗ ಮಾಸ್ತರರ ಫೋನು ಬಂತು. ಅಂದಿನವರೆಗೆ ಅವರು ತಾವಾಗಿ ಯಾರಿಗೂ ಫೋನು ಮಾಡಿದವರಲ್ಲ.

"ಅಂಗೈಯಾಗ ಅದರಿ" ಎಂದರು ಪಿಸುದನಿಯಲ್ಲಿ. "ಸುಣ್ಣ ಹಚ್ಚೀನಿ. ಊಟದ ಬಿಡುವು. ಇನ್ನ ಹತ್ತು ನಿಮಿಷಕ್ಕ ಬೆಲ್ ಆಗ್ತದ. ಏನರ ಮಾತಾಡ್ರಿ."

ನಾನು ಹಿಂದಿನ ದಿನ ಬಂದ ಲಾರಿಗಳ ತೂಕ ಹೇಳುತ್ತ ಹೋದೆ. ಮೊದಲಿನದು, ಖಾಲಿಯದು. ಅವರು ಆ ಕಡೆ ಕಳೆಯುತ್ತ ಉತ್ತರ ಹೇಳತೊಡಗಿದರು, ಒಂದೂ ತಪ್ಪಿಲ್ಲ. ಐದನೆಯ ಲಾರಿಗೆ ನನ್ನ ಟೋಕನ್ನು ಕರೆದರು, ಹಲ್ಲಿನ ಡಾಕ್ಟರು ಕರೀಲಾಕತ್ತಾರ ಎಂದೆ.

"ಹೋಗಬ್ಯಾಡ್ರಿ" ಎಂದರು ಮಾಸ್ತರರು.

ಹಿಂದಿನವರನ್ನು ಮುಂದೆ ಕಳಿಸಿದೆ. ಒಂಬತ್ತನೆಯ ಲಾರಿಗೆ ಅತ್ತ ಬೆಲ್ಲು ಕೇಳಿಸಿತು. ನಳದ ನೀರಿನ ಸದ್ದು ಬಂತು. ಫೋನು ಕಟ್ಟಾಯಿತು.

ಡಾಕ್ಟರು ಬೆರಳು ಇಡಿಸಿದರು, ಸ್ಟೀಲಿನ ಪಟ್ಟಿಯನ್ನೂ ಇಟ್ಟರು. ಮೂರನೆಯ ಬೆರಳು ತುದಿಗೇ ನಿಂತಿತ್ತು. ಕಮಲಾಪುರದ ಅಂಗಳದಲ್ಲಿ ನಿಂತಲ್ಲಿಯೇ. "ಇಳಿದಿಲ್ಲ. ಏರೂದು ನಿಧಾನ, ಏರದೇನೂ ಇರಬಹುದು. ಬಾಯಿ ತೆಗೆಯೋ ವ್ಯಾಯಾಮ ಮಾಡು, ಮತ್ತ ಬಾ" ಎಂದರು. ಡೈರಿ ಕೇಳಲಿಲ್ಲ.

ಹೊರಗೆ ಬಂದಾಗ ಮಾಸ್ತರರ ಫೋನು ಮತ್ತೆ ಬಂತು. ಹಿಂದೆ ಮಕ್ಕಳ ಗದ್ದಲವಿತ್ತು.

"ಎಷ್ಟು ಬಂತ್ರಿ?"

"ಹಂಗೇ ಅದರಿ ಸರ. ಇಳಿದಿಲ್ಲ."

ಅವರು ಗದ್ದಲದಿಂದ ಆಚೆ ಸರಿದಂತೆ ಕೇಳಿಸಿತು. "ಏನಿಲ್ಲ, ನಿನ್ನಿ ಕನ್ನಡಿ ಮುಂದ ನಂದೂ ನೋಡೀನಿ. ಎರಡ ಹೋದ್ವು. ಒಬ್ಬನೇ ಬರಾಕ ಒಂಥರಾ ಆಗ್ತದ. ನಿಮ್ಮ ಜೋಡಿ ಬರ್ಲೇನು?"

"ಟೋಕನ್ನು ಎಂಟಕ್ಕ ಕೊಡ್ತಾರ ಸರ" ಎಂದೆ. "ಆರೂವರಿ ಬಸ್ ಹಿಡೀರಿ. ನಾ ಬಾಗಿಲ ಬಲ್ಲೇ ನಿಂತಿರ್ತೀನಿ."