ಹಾಳು ಮನೆಯ ಜಾಗದಲ್ಲಿ ನಮ್ಮ ಮಗ್ಗದ ಕುಣಿ

ನಿನ್ನೆ ಮೊಮ್ಮಗಳು ನನ್ನ ಮಗ್ಗದಲ್ಲಿ ಕುಳಿತು ತನ್ನ ಮೊದಲ ಸೀರೆ ನೇಯ್ದು ಇಳಿಸಿದಳು. ಕಂಡಕಂಡವರಿಗೆಲ್ಲ ಬೆಲ್ಲ ಹಂಚಿದರೂ ನನ್ನ ಖುಷಿ ತೀರಿಲ್ಲ. ಕಲಿತದ್ದು ಎರಡನೇ ಇಯತ್ತೆ. ಆದರೂ ಬರೆದೇ ಬಿಡುತ್ತೇನೆ. ಈ ಮಗ್ಗ ಇಲ್ಲಿ ನಿಂತಿರುವುದು ನನ್ನ ಹಟದಿಂದ.

ಐವತ್ತರ ದಶಕ. ಗಜೇಂದ್ರಗಡದ ನಮ್ಮ ಮನೆಯಲ್ಲಿ ಮಗ್ಗಕ್ಕೆ ಜಾಗವಿರಲಿಲ್ಲ, ಗಂಡ ಬೇರೆಯವರ ಮನೆಯಲ್ಲಿ ಕೂಲಿಗೆ ನೇಯುತ್ತಿದ್ದರು. ಊರ ಹೊರಗಿನ ಹೊಲದಲ್ಲಿ ಹೊಸ ಪ್ಲಾಟು ಹಾಕುತ್ತಾರೆಂದು ತಿಳಿದದ್ದೇ ಅವರ ಮನಸ್ಸು ಅತ್ತ ಓಡಿತು. ನಮ್ಮ ಓಣಿಯಲ್ಲೇ ಪ್ಲೇಗಿನ ಕಾಲಕ್ಕೆ ಬಿಟ್ಟುಹೋದ ಮನೆಯೊಂದು ಬಿದ್ದು, ಜಾಲಿ ಬೆಳೆದು, ಕಸದ ಗುಂಡಿಯಾಗಿತ್ತು. ಅದರ ವಾರಸುದಾರ ಕೊಡಲು ತಯಾರಿದ್ದ. ನನಗೆ ಅದೇ ಬೇಕು ಎಂದೆ.

ಅತ್ತೆ ನೂಲಿನ ಕಂಡಿಕೆ ಸುತ್ತುವುದನ್ನೇ ನಿಲ್ಲಿಸಿದರು. “ಹೆಣ ಬಿದ್ದ ಜಾಗಾ ಅದು! ಹುಚ್ಚ ಹಿಡದೈತೇನ ನಿನಗ?”

“ಹೆಣ ಬೀಳದ ಮನಿ ಈ ಓಣ್ಯಾಗ ಯಾವದೈತಿ ತೋರಸ್ರಿ ಅತ್ತಿ.”

“ಕೇಳಿದೇನಪಾ ನಿನ್ನ ಹೇಂತಿ ಮಾತ!”

ಗಂಡ ನಕ್ಕರು. “ಹೊಲದಾಗ ಬೇಕಾದಷ್ಟ ಜಾಗಾ ಐತಿ. ನೋಡೂಣಂತ ಮಗ್ಗದ ಕುಣಿನೂ ತೋಡೇನಿ. ಅದರ ಗ್ವಾಡಿ ಕಲ್ಲಿನಂಗ ನಿಂತಾವ, ಬಂದ ನೋಡ.”

“ಬ್ಯಾಸಗ್ಯಾಗ ನಿಂತಾವ್ರಿ. ಅದು ಎರಿ ಐತಿ, ಎರಿ!”

ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರಬೇಕು. ಅದು ಕುಸಿದರೆ ಮಗ್ಗವೂ ಇಲ್ಲ, ಅನ್ನವೂ ಇಲ್ಲ. ಗುಡ್ಡದ ಬುಡದ ಈ ಓಣಿಯ ಗಟ್ಟಿ ಗರಸು ನೆಲದಲ್ಲಿ ಬೆಳೆದ ಅವರಿಗೆ ಎರೆಮಣ್ಣಿನ ಗುಣ ಏನು ಗೊತ್ತು? ನನ್ನ ತವರು ನರಗುಂದದ ಕಡೆ. ಬೇಸಿಗೆಯಲ್ಲಿ ಕಲ್ಲಾಗುವ ಆ ಮಣ್ಣು ಮಳೆ ಬಿದ್ದರೆ ಮೊಣಕಾಲನ್ನೇ ನುಂಗುವುದನ್ನು ನೋಡಿಯೇ ದೊಡ್ಡವಳಾದೆ.

ಮರುದಿನ ಹಾಳು ಮನೆಯಲ್ಲಿ ಜಾಲಿ ಸರಿಸಿ ನಾನೇ ಅಷ್ಟೇ ಆಳದ ಕುಣಿ ತೋಡಿದೆ. ಮೂರು ಕೊಡ ನೀರು ಹೊತ್ತು ಹೊಲಕ್ಕೆ ಹೋಗಿ ಅವರ ಕುಣಿಯ ಅಂಚಿಗೆ ಸುರುವಿದೆ. ಮೂರು ಕೊಡ ನನ್ನದಕ್ಕೆ. ಸಂಜೆ ಇಬ್ಬರನ್ನೂ ಕರೆದುಕೊಂಡು ಹೋದೆ. ಹೊಲದ ಕುಣಿಯ ಒಂದು ಗೋಡೆ ಪೂರ್ತಿ ಕುಸಿದು ಅರ್ಧ ಕುಣಿ ಕೆಸರು. ಹಾಳು ಮನೆಯಲ್ಲಿ ನೀರು ಇಂಗಿತ್ತು, ಅಂಚು ಅಲುಗಿರಲಿಲ್ಲ. ಗಂಡ ಅದರೊಳಗೆ ಇಳಿದು ಹಿಮ್ಮಡಿಯಿಂದ ಗೋಡೆಗೆ ಒದ್ದು ನೋಡಿದರು. ಮತ್ತೊಮ್ಮೆ ಒದ್ದರು.

“ಅವ್ವಾ, ಕೊಡ್ಲಿ ಎಲ್ಲೈತಿ? ಜಾಲಿ ಕಡೀತೀನಿ.”

ಅತ್ತೆ ಮುಖ ತಿರುವಿದರು. ನಾನು ನೆರೆಮನೆಯಿಂದ ಕೊಡಲಿ ಇಸಿದುಕೊಂಡು ತಂದೆ. ಓಣಿಯ ಮಂದಿ ಕಟ್ಟೆಯ ಮೇಲೆ ಕೂತು ನೋಡುತ್ತಿತ್ತು. ನೋಡಲಿ ಎಂದೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲ ಏಟು ನಾನೇ ಹಾಕಿದೆ.