ಪಂಚಮಿಗೆ ಈಮೇಲಿನ ಕರೆ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಸಿಂಧನೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಊರಿಗೆ ಇಂಟರ್‌ನೆಟ್ ಬಂದ ಹೊಸತು, ನನಗೆ ತಲೆಯ ಮೇಲೆ ಎರಡು ಕೊಂಬು ಮೂಡಿದ್ದವು. ಅವು ಎಷ್ಟು ಬೆಳೆದವೆಂದರೆ, ನಾಗರ ಪಂಚಮಿಗೆ ಲಿಂಗಸುಗೂರಿನಿಂದ ಅಕ್ಕನನ್ನು ಕರೆತರಲು ಬಸ್ ಹತ್ತುವ ಬದಲು ಈಮೇಲ್ ಕಳಿಸಿದೆ. ಅಕ್ಕ ಅಲ್ಲಿ ಹೈಸ್ಕೂಲ್ ಟೀಚರು, ಕಂಪ್ಯೂಟರ್ ಬಲ್ಲವಳು. ‘ಹಬ್ಬಕ್ಕ ಬಾ, ಅವ್ವ ಉಂಡಿ ಕಟ್ಯಾಳ’ ಎಂದು ಒಂದೇ ಸಾಲು ಬರೆದು ಕೈ ತೊಳೆದುಕೊಂಡೆ.

ನಮ್ಮ ಕಡೆ ಪಂಚಮಿಗೆ ಅಣ್ಣನೋ ತಮ್ಮನೋ ಬಾಗಿಲಿಗೆ ಹೋಗಿ ಕರೆಯದಿದ್ದರೆ ಹೆಣ್ಣುಮಕ್ಕಳು ತವರಿಗೆ ಬರುವುದಿಲ್ಲ. ಅಕ್ಕ ಬರಲಿಲ್ಲ. ನನ್ನ ಜೊತೆ ಮಾತನ್ನೂ ಬಿಟ್ಟಳು. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು.

ಹನ್ನೊಂದು ತಿಂಗಳಾದ ಮೇಲೆ ಅವಳದೊಂದು ಮೇಲ್ ಬಂತು: “ಕಂಪ್ಯೂಟರ್ ಪಂಡಿತಾ, ಮೇಲ್‌ನ್ಯಾಗ ಹುಲಿ-ಕುರಿ ಆಡೋಣು ಬಾ. ಹುಲಿ ನಂದು. ನೀ ಗೆದ್ರ, ಮೇಲ್‌ನ್ಯಾಗ ಕರದ್ರೂ ಹಬ್ಬಕ್ಕ ಬರ್ತೀನಿ. ನಾ ಗೆದ್ರ, ನೀ ನಮ್ಮ ಬಾಗಲಿಗೆ ಬಂದು ಕರೀಬೇಕು.”

ಚಿಕ್ಕವರಿದ್ದಾಗ ಕಟ್ಟೆಯ ಮೇಲೆ ಇದ್ದಲಿನಿಂದ ಗೆರೆ ಎಳೆದು ಆಡಿದ ಆಟ. ಈಗ ಮನೆಗಳಿಗೆ ಸಂಖ್ಯೆ ಹಾಕಿಕೊಂಡು ದಿನಕ್ಕೊಂದೆರಡು ನಡೆ ಕಳಿಸಿಕೊಂಡೆವು. ಅವಳ ಹುಲಿಗಳು ನನ್ನ ಕುರಿಗಳನ್ನು ಸಾಲಾಗಿ ತಿಂದವು. ನಾನೂ ಬಿಡಲಿಲ್ಲ, ಅವಳ ಮೂರು ಹುಲಿಗಳಲ್ಲಿ ಎರಡನ್ನು ಅಲುಗಾಡದಂತೆ ಕಟ್ಟಿಹಾಕಿದೆ. ಹಬ್ಬಕ್ಕೆ ಎರಡು ದಿನ ಇರುವಾಗ ಮೂರನೆಯದಕ್ಕೆ ಒಂದೇ ದಾರಿ ಉಳಿದಿತ್ತು. ಏಳನೇ ಮನೆಗೆ ಕುರಿ ಇಟ್ಟರೆ ಆಟ ನನ್ನದು.

ಮರುದಿನ ಮೀಸೆ ತಿರುವುತ್ತ ಕಂಪ್ಯೂಟರ್ ಮುಂದೆ ಕುಳಿತೆ. ಮೇಲ್ ತೆರೆಯಲೊಲ್ಲದು! ಬೇರೆ ಪುಟಗಳೆಲ್ಲ ಬರುತ್ತಿದ್ದವು, ಆ ದೊಡ್ಡ ಮೇಲ್ ಸೇವೆಯೊಂದೇ ನಾಪತ್ತೆ. ಹೈದರಾಬಾದಿನ ಗೆಳೆಯನಿಗೆ ಫೋನ್ ಹಚ್ಚಿದೆ. ಜಗತ್ತಿಗೆಲ್ಲ ಬಂದ್ ಆಗಿದೆ, ಡಿಎನ್‌ಎಸ್ ಕೆಟ್ಟಿದೆ ಎಂದ. ಸಂಜೆಯಾದರೂ ಸರಿಹೋಗಲಿಲ್ಲ. ಗೆದ್ದ ಆಟ ಕೈಯಲ್ಲೇ ಉಳಿಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಮನೆಯಲ್ಲಿ ಅವ್ವ ಹಬ್ಬಕ್ಕೆ ಜೋಳದ ಅಳ್ಳು ಹುರಿಯುತ್ತಿದ್ದಳು. ಅವಳಿಗೂ ಪಾಠ ಹೇಳಿದೆ: “ಮೇಲ್ ಇಡೋ ಮಷೀನು ಛಲೋ ಐತಿ ಬೇ. ಹೆಸರು ಹೇಳಿದ್ರ ಅದು ಎಲ್ಲೈತಿ ಅಂತ ದಾರಿ ತೋರ್ಸೋದು ಕೆಟ್ಟೈತಿ.”

“ನಿನಗ ದಾರಿ ಗೊತ್ತೈತಲ್ಲ? ಮಸ್ಕಿ ದಾಟಿದ್ರ ಲಿಂಗಸೂರು. ಕಾಲು ಬಿದ್ದು ಹೋಗ್ಯಾವೇನು?”

ಬೆಳಿಗ್ಗೆಯೂ ಮೇಲ್ ಸತ್ತೇ ಇತ್ತು, ಫೋನ್ ಮಾಡಿದರೆ ಅಕ್ಕ ಇಟ್ಟುಬಿಡುತ್ತಾಳೆ. ‘ಏಳನೇ ಮನಿ. ನಾ ಗೆದ್ದೆ’ ಎಂದು ಚೀಟಿ ಬರೆದು ಬಸ್ಸಿಗೆ ಹೊರಟೆ. “ಕರಿಯಾಕಲ್ಲ ಮತ್ತ, ಚೀಟಿ ಕೊಡಾಕ ಹೊಂಟೀನಿ” ಎಂದೆ. ಅವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಮಸ್ಕಿಯಲ್ಲಿ ಬಸ್ಸು ಚಹಾಕ್ಕೆ ನಿಂತಿತು. ಇಳಿದು ನೋಡುತ್ತೇನೆ, ಲಿಂಗಸುಗೂರಿನಿಂದ ಬಂದ ಬಸ್ಸಿನ ಕಿಟಕಿಯಲ್ಲಿ ಅಕ್ಕ! ನನ್ನನ್ನು ಕಂಡವಳೇ ಮುಖ ಆ ಕಡೆ ತಿರುಗಿಸಿದಳು. ನಾನು ಕಿಟಕಿಯ ಸರಳಿನೊಳಗೆ ಚೀಟಿ ತೂರಿಸಿದೆ.

ಓದಿದಳು. ಇಡೀ ಬಸ್ಸು ತಿರುಗಿ ನೋಡುವ ಹಾಗೆ ನಕ್ಕಳು. “ಲೇ ಹುಚ್ಚಪ್ಪಾ! ಮೇಲ್‌ನ್ಯಾಗ ಕರದ್ರ ಸಾಕು ಅಂತ ತೋರ್ಸಾಕ ಬಸ್ ಹತ್ತಿ ಬಂದೀಯೇನು?”

“ನೀ ಎಲ್ಲಿಗೆ ಹೊಂಟಿ?” ಎಂದೆ.

“ಸಿಂಧನೂರಿಗೆ. ಸೀರಿ ತರಾಕ.”

ಅವಳ ಪಕ್ಕದಲ್ಲಿ ಹೊಲಿಗೆ ಬಿಚ್ಚುವಷ್ಟು ಸೀರೆ ತುಂಬಿದ ಚೀಲವಿತ್ತು. “ಸೀರಿ ತರಾಕ ಹೋಗೋರು ಸೀರಿ ತುಂಬಿದ ಚೀಲ ಒಯ್ತಾರೇನು ಬೇ?”

ಅವಳ ನಗು ನಿಂತಿತು. “ಹ್ವಾದ ವರ್ಷ ನೀ ಬರ್ತಿ ಅಂತ ಸಂಜೀತನ ಬಾಗಲ್ದಾಗ ನಿಂತಿದ್ದೆ” ಎಂದಳು. “ಈ ಸಲ ಮೇಲೂ ನಿಂತ್ವು. ನನಗ ತಡಕೊಳ್ಳಾಕ ಆಗ್ಲಿಲ್ಲ.”

ಕಂಡಕ್ಟರ್ ಸೀಟಿ ಊದಿದ. ಕಿಟಕಿಯ ಸರಳು ಹಿಡಿದುಕೊಂಡೇ ಕೂಗಿದೆ: “ಅಕ್ಕಾ, ಹಬ್ಬಕ್ಕ ಬಾ ಬೇ. ಕರಿಯಾಕ ಬಂದೀನಿ.”

ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಜಾಗ ಮಾಡಿದಳು. “ಹತ್ತು, ಮಂಗ್ಯಾ.”

ಸಿಂಧನೂರು ಬರುವವರೆಗೆ ನನ್ನನ್ನು ಬಾಯಿತುಂಬ ಬೈದಳು. ಒಂದು ವರ್ಷ ಅವಳ ದನಿ ಕೇಳಿರಲಿಲ್ಲ. ಒಂದಕ್ಕೂ ಎದುರಾಡದೆ ಕೇಳುತ್ತ ಕುಳಿತೆ.